ಮೊದಲ ಹನಿಗಳು

ಯಾರಿಗಾದರೂ ಸಲೈನ್ ಹಚ್ಚುತ್ತಿದ್ದರೆ ನಮ್ಮ ಮೇಡಂ ಅಲ್ಲಿಂದ ಕದಲುತ್ತಿರಲಿಲ್ಲ. ಅವರು ಪರಿಚಯದವರೇ ಆಗಬೇಕೆಂದೇನೂ ಇರಲಿಲ್ಲ. ಒಮ್ಮೆ ನಮ್ಮ ಕಾಲೇಜಿನ ಜವಾನನಿಗೆ ಬಿಸಿಲು ಬಡಿದು ಎದುರಿನ ದವಾಖಾನೆಗೆ ಸೇರಿಸಿದ್ದೆವು. ನರ್ಸ್ ಸೂಜಿ ಚುಚ್ಚಿ, ಬಾಟಲಿ ತೂಗುಹಾಕಿ ಹೋದಳು. ನಾವು ಹುಡುಗಿಯರು ಹೊರಡಲು ಎದ್ದೆವು. ಮೇಡಂ ಮಾತ್ರ ಮಂಚದ ಕಾಲ್ದೆಸೆಯಲ್ಲಿ ನಿಂತು ಅವನನ್ನೇ ನೋಡುತ್ತಿದ್ದರು. ಬಾಟಲಿಯನ್ನಲ್ಲ, ಮುಖವನ್ನು. ತುಟಿ, ಕುತ್ತಿಗೆ, ಮತ್ತೆ ತುಟಿ. ಅವನಿಗೇ ಮುಜುಗರವಾಗಿ, ತನಗೇನೂ ಆಗಿಲ್ಲ, ನೀವು ಹೋಗಿರಿ ಎಂದ. ಪಕ್ಕದ ಮಂಚದ ಮುದುಕನಿಗೂ ಅದೇ ಹೊತ್ತಿಗೆ ಹಚ್ಚಿದ್ದರು. ಮೇಡಂ ಅವನ ಮುಖವನ್ನೂ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ, ಇಷ್ಟು ಹೊತ್ತು ಹಿಡಿದಿಟ್ಟಿದ್ದೇನೋ ಎಂಬಂತೆ ಒಂದು ಉಸಿರು ಬಿಟ್ಟು "ನಡೀರಿ" ಎಂದರು.

ನಾವು ಆಗ ಅದನ್ನು ಕರುಣೆ ಎಂದುಕೊಂಡಿದ್ದೆವು.

ಹೋದ ತಿಂಗಳು ಅವರು ತೀರಿಕೊಂಡರು. ಕಮಲಾಪುರದಲ್ಲಿ, ಅವರ ಮನೆಯವರು ಮಣ್ಣು ಮಾಡುವ ಜಾಗದಲ್ಲಿ, ಬುದ್ಧನ ತ್ರಿಸರಣ ಹೇಳಿ ಮಣ್ಣು ಮಾಡಿದರು. ಅವರ ಹಳೆಯ ವಿದ್ಯಾರ್ಥಿಗಳು ಬಹಳ ಮಂದಿ ಬಂದಿದ್ದರು. ಕೆಲವರು ಈಗ ಔಷಧ ಕಂಪನಿಗಳಲ್ಲಿದ್ದಾರೆ, ಕೆಲವರು ಸ್ವಂತ ಅಂಗಡಿ ಇಟ್ಟಿದ್ದಾರೆ. ಎಲ್ಲರೂ ಅವರ ಸಿಟ್ಟು, ಅವರ ತಮಾಷೆ, ಅವರ ಡಬ್ಬಿಯ ಪುಂಡಿಪಲ್ಯ ನೆನೆಸಿಕೊಂಡರು. ನಾನು ಹೆಚ್ಚು ಮಾತಾಡಲಿಲ್ಲ. ನನಗೆ ಗೊತ್ತಿದ್ದ ಮೇಡಂ ಬೇರೆ.

ಅವರು ನಮಗೆ ಕಲಿಸುತ್ತಿದ್ದದ್ದು ಔಷಧವನ್ನಲ್ಲ, ಔಷಧದ ಜೊತೆ ಬರುವ ವಸ್ತುಗಳನ್ನು. ಒಂದು ಮಾತ್ರೆಯಲ್ಲಿ ರೋಗದ ಮೇಲೆ ಕೆಲಸ ಮಾಡುವ ಭಾಗ ಎಷ್ಟೋ ಸಲ ಚೂರೇ ಚೂರು. ಉಳಿದದ್ದು ಪಿಷ್ಟ, ಹಾಲಿನ ಸಕ್ಕರೆ, ಅಂಟು, ಬಣ್ಣ, ಯಂತ್ರಕ್ಕೆ ಮೆತ್ತಿಕೊಳ್ಳದಿರಲೆಂದು ಬೆರೆಸುವ ನುಣುಪು ಪುಡಿ. ಪುಸ್ತಕದಲ್ಲಿ ಇವಕ್ಕೆ ಎಕ್ಸಿಪಿಯೆಂಟ್ ಎಂದು ಹೆಸರು. ಮೇಡಂ "ಬೀಗರ ಮಂದಿ" ಎನ್ನುತ್ತಿದ್ದರು. ಮದುಮಗ ಎಂದೂ ಒಬ್ಬನೇ ಬರುವುದಿಲ್ಲ, ಅವನ ಹಿಂದೆ ಒಂದು ಟೆಂಪೋ ತುಂಬ ಮಂದಿ ಇಳಿಯುತ್ತಾರೆ, ಲಗ್ನ ಸುಸೂತ್ರ ಆಗುವುದೂ ಕೆಡುವುದೂ ಅವರ ಕೈಯಲ್ಲಿರುತ್ತದೆ ಎಂದು ಅವರು ಹೇಳಿದಾಗ ಕ್ಲಾಸು ನಗುತ್ತಿತ್ತು. ಇಂಗ್ಲಿಷಿನಲ್ಲಿ ಶುರುವಾದ ಪಾಠ ಸ್ವಲ್ಪ ಹೊತ್ತಿಗೆ ಕಲಬುರಗಿಯ ಮಾತಿಗೆ ಇಳಿಯುತ್ತಿತ್ತು. ನಮ್ಮಂಥ ಕನ್ನಡ ಶಾಲೆಯಿಂದ ಬಂದವರು ಆಗಲೇ ಪೆನ್ನು ತೆಗೆಯುತ್ತಿದ್ದೆವು.

ಎಣ್ಣೆಯನ್ನೂ ನೀರನ್ನೂ ಕೂಡಿಸುವ ವಸ್ತುಗಳ ಪಾಠ ಬಂದಾಗ ಒಂದು ಗಾಜಿನ ಸೀಸೆ ತರುತ್ತಿದ್ದರು. ಅದರಲ್ಲಿ ನೀರು, ಮೇಲೆ ಕುಸುಬಿ ಎಣ್ಣೆ. ಎಷ್ಟು ಅಲುಗಿಸಿದರೂ ಎಣ್ಣೆ ಮತ್ತೆ ಮೇಲೆ. ಆಮೇಲೆ ಸೋಪಿನ ಜಾತಿಯ ಒಂದು ದ್ರವವನ್ನು ಸ್ವಲ್ಪವೇ ಹಾಕಿ ಅಲುಗಿಸುತ್ತಿದ್ದರು. ಸೀಸೆ ಹಾಲಿನಂತೆ ಬೆಳ್ಳಗಾಗುತ್ತಿತ್ತು.

"ಇದಕ್ಕ ಎರಡು ಕೈ ಅವ. ಒಂದು ಕೈಲೆ ಎಣ್ಣಿ ಹಿಡೀತದ, ಇನ್ನೊಂದು ಕೈಲೆ ನೀರು. ನೀರಿನ್ಯಾಗ ಕರಗದ ಔಷಧನ್ನ ರಕ್ತದಾಗ ಒಯ್ದು ಬಿಡೋದು ಇದೇ."

ಅಷ್ಟು ಹೇಳಿ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸುಮ್ಮನಾಗಿಬಿಡುತ್ತಿದ್ದರು. ನಾವು ಮುಂದಿನ ಮಾತಿಗೆ ಕಾಯುತ್ತಿದ್ದೆವು. ಒಂದು ಸಲ ಆ ಮೌನ ಎಷ್ಟು ಉದ್ದವಾಯಿತೆಂದರೆ, ಹಿಂದಿನ ಬೆಂಚಿನವರು ಗಂಟೆ ಹೊಡೆಯಿತೆಂದು ತಿಳಿದು ಪುಸ್ತಕ ಕಟ್ಟಿಕೊಂಡರು. ಮೇಡಂ ಅದನ್ನೂ ನೋಡಲಿಲ್ಲ.

ಒಂದು ಶಬ್ದ ಅವರಿಗೆ ಆಗುತ್ತಿರಲಿಲ್ಲ. ಈ ಜೊತೆಯ ವಸ್ತುಗಳು 'ಇನರ್ಟ್', ಅಂದರೆ ಯಾವ ಪರಿಣಾಮವನ್ನೂ ಮಾಡದೆ ಸುಮ್ಮನಿರುತ್ತವೆ ಎಂದು ಹಳೆಯ ಪುಸ್ತಕಗಳಲ್ಲಿ ಬರೆದಿರುತ್ತದೆ. ನಾನೂ ಪರೀಕ್ಷೆಯಲ್ಲಿ ಹಾಗೆಯೇ ಬರೆದೆ. ಉತ್ತರಪತ್ರಿಕೆ ತಿರುಗಿ ಬಂದಾಗ ಆ ಶಬ್ದದ ಮೇಲೆ ಕೆಂಪು ಗೀಟು ಎಷ್ಟು ಒತ್ತಿ ಎಳೆದಿದ್ದರೆಂದರೆ ಕಾಗದ ಹರಿದಿತ್ತು. ಅಂಕವನ್ನೇನೂ ಕಳೆದಿರಲಿಲ್ಲ. ಕೇಳಲು ಹೋದಾಗ ಹರಿದ ಜಾಗದ ಮೇಲೆ ಬೆರಳಾಡಿಸಿ, "ಸುಮ್ಮ ಇರ್ತಾವ ಅಂತ ಯಾರು ಹೇಳಿದ್ರು ನಿನಗ?" ಎಂದರು. ಪುಸ್ತಕದಲ್ಲಿದೆ ಎಂದೆ. ಹಾಗಾದರೆ ಪುಸ್ತಕಕ್ಕೆ ಮೈಯಿಲ್ಲ, ಅದಕ್ಕೆ ಏನು ಗೊತ್ತು ಎಂದು ಪತ್ರಿಕೆ ಕೈಗೆ ಕೊಟ್ಟರು.

ಓದು ಮುಗಿಸಿ ನಾನು ಕಲಬುರಗಿಯಲ್ಲೇ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ರೋಗಿಗಳಿಗೆ ಹಚ್ಚುವ ಔಷಧಗಳನ್ನು ಸಲೈನಿನಲ್ಲಿ ಬೆರೆಸಿಕೊಡುವ ಖೋಲಿಯಲ್ಲಿ. ಪೇಢೆ ತೆಗೆದುಕೊಂಡು ಖೂಬಾ ಪ್ಲಾಟಿನ ಅವರ ಮನೆಗೆ ಹೋದೆ. ಮಹಡಿಯ ಮೇಲಿನ ಎರಡು ಖೋಲಿಯ ಬಾಡಿಗೆ ಮನೆ. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ನನಗೆ ಸಿಕ್ಕ ಕೆಲಸ ಯಾವುದೆಂದು ಕೇಳಿ ಅವರು ಪೇಢೆಯನ್ನು ಬಾಯಿಗೆ ಹಾಕಲಿಲ್ಲ, ತಾಟಿನಲ್ಲಿ ವಾಪಸಿಟ್ಟರು. ಅಲ್ಲಿ ಏನೇನು ಬೆರೆಸುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಹೆಸರು ಬಂದಾಗ, ಅದಕ್ಕೆ ಬೇರೆ ಜಾತಿಯ ಪೈಪು ಇಡುತ್ತೀರಲ್ಲವೇ, ಸಾದಾ ಪ್ಲಾಸ್ಟಿಕ್ ಅಲ್ಲವಲ್ಲ ಎಂದರು. ಹೌದೆಂದೆ. ಅದರ ಜೊತೆಗಿರುವ ದ್ರವ ಸಾದಾ ಪ್ಲಾಸ್ಟಿಕ್ಕಿನಿಂದಲೂ ಏನನ್ನೋ ಎಳೆದುಕೊಂಡು ಬರುತ್ತದೆ ಎಂದು ಅವರೇ ನಮಗೆ ಕಲಿಸಿದ್ದರು. ಬರುವ ಆಯಿತವಾರ ತಮ್ಮ ಜೊತೆ ಕಮಲಾಪುರಕ್ಕೆ ಬರಬೇಕೆಂದರು. ಯಾಕೆಂದು ಹೇಳಲಿಲ್ಲ.

ಆ ದಿನ ಬಸ್ಸಿನಲ್ಲಿ ಜಾಗ ಬೇಕಾದಷ್ಟಿತ್ತು. ನಾನು ಕಿಟಕಿಯ ಪಕ್ಕ ಕೂತು ಅವರಿಗೆ ಜಾಗ ಬಿಟ್ಟೆ. ಅವರು ಕೂಡಲಿಲ್ಲ. ಕಂಬ ಹಿಡಿದು, ಬಾಗಿಲಿಗೆ ಬೆನ್ನು ಮಾಡಿ ದಾರಿಯುದ್ದಕ್ಕೂ ನಿಂತೇ ಬಂದರು. ಕಂಡಕ್ಟರ್ ಹೆಣ್ಣುಮಗಳು. ಅವಳು ಸೀಟಿ ಊದಿದಾಗಲೆಲ್ಲ ಮೇಡಂ ಅವರ ಹೆಗಲು ಸ್ವಲ್ಪ ಮೇಲೇಳುತ್ತಿತ್ತು. ಟಿಕೆಟ್ ಕೊಡಲು ಅವಳು ಹತ್ತಿರ ಬಂದಾಗ ಅವಳ ಮುಖ ನೋಡದೆ ಕೈಯಷ್ಟೇ ಚಾಚಿದರು. ಹೊರಗೆ ತೊಗರಿ ಹೊಲಗಳು ಹೂವು ಬಿಟ್ಟಿದ್ದವು.

ಕಮಲಾಪುರದಲ್ಲಿ ಅವರ ತಮ್ಮನ ಸಂಸಾರ, ಜೊತೆಗೆ ತಾಯಿ. ತಂದೆ ಇದ್ದಾಗ ಬೇರೆಯವರ ಬಾಳೆ ತೋಟಗಳಲ್ಲಿ ದುಡಿಯುತ್ತಿದ್ದರಂತೆ. ತಾಯಿ ಈಗಲೂ ಬಸ್ ನಿಲ್ದಾಣದ ಹತ್ತಿರ ಕೆಂಪು ಬಾಳೆಹಣ್ಣು ಮಾರುತ್ತಾರೆ. ಬಿಡಬೇಕೆಂದು ಮಗ ಎಷ್ಟು ಹೇಳಿದರೂ ಕೇಳುವುದಿಲ್ಲ, ಮನೆಯಲ್ಲಿ ಕೂತರೆ ಕಾಲು ಹಿಡಿಯುತ್ತದೆ ಎನ್ನುತ್ತಾರೆ. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ, ಎಣ್ಣೆ ಸುರಿದುಕೊಟ್ಟರು. ಗೋಡೆಯಲ್ಲಿ ಬುದ್ಧನ ಪಕ್ಕಕ್ಕೆ ಇನ್ನೊಂದು ಫೋಟೋ ಇತ್ತು. ಖಾಕಿ ಅಂಗಿ ತೊಟ್ಟು, ಹೆಗಲಿಗೆ ಟಿಕೆಟಿನ ಚೀಲ ಹಾಕಿಕೊಂಡು, ಹಲ್ಲು ಕಾಣುವಂತೆ ನಗುತ್ತಿದ್ದ ಹೆಂಗಸು. ನಾನು ನೋಡುತ್ತಿದ್ದುದನ್ನು ಕಂಡು ತಾಯಿ, ಅದು ತಮ್ಮ ಸಣ್ಣ ಮಗಳು, ಮೇಡಂ ಅವರ ತಂಗಿ, ಬಸ್ ಕಂಡಕ್ಟರ್ ಆಗಿದ್ದಳು, ಊರಿನ ಹೆಸರು ಕೂಗಿದರೆ ಇಡೀ ಬಸ್ಸಿಗೆ ಕೇಳುವ ಗಂಟಲು ಅವಳದು ಎಂದರು.

"ಆಕಿ ಆಯುಷ್ಯ ಅಷ್ಟೇ ಇತ್ತು, ಯವ್ವಾ. ಅಕ್ಕ ಅಂತೂ ಏನ್ ಕಮ್ಮಿ ಮಾಡಲಿಲ್ಲ."

ಮೇಡಂ ಎದ್ದು ಕೈ ತೊಳೆಯಲು ಹೋದರು. ತಾಟಿನಲ್ಲಿ ಅರ್ಧ ರೊಟ್ಟಿ ಹಾಗೆಯೇ ಇತ್ತು.

ಮಧ್ಯಾಹ್ನ ಅವರು ನನ್ನನ್ನು ಮನೆಯ ಹಿಂದಿನ ಹೊಲದ ಬದುವಿಗೆ ಕರೆದುಕೊಂಡು ಹೋದರು. ಬದುವಿನ ಉದ್ದಕ್ಕೂ ಔಡಲ ಗಿಡಗಳು, ಹರಳೆಣ್ಣೆಯವು, ಅಂಗೈ ಅಗಲಿಸಿದಂಥ ಎಲೆಗಳು. ಚಿಕ್ಕಂದಿನಲ್ಲಿ ಅಕ್ಕತಂಗಿಯರಿಬ್ಬರೂ ಇವುಗಳ ಕಾಯಿ ಆರಿಸುತ್ತಿದ್ದರಂತೆ. ತಾಯಿ ಬೀಜ ಕುಟ್ಟಿ, ಕುದಿಸಿ ಎಣ್ಣೆ ತೆಗೆದು ಇಬ್ಬರ ನೆತ್ತಿಗೂ ತಟ್ಟುತ್ತಿದ್ದರಂತೆ. ಅಲ್ಲಿ ಒಂದು ಕಲ್ಲಿನ ಮೇಲೆ ಕೂತು ಮೇಡಂ ಹೇಳಿದರು.

ತಂಗಿಗೆ ಎದೆಯ ಕ್ಯಾನ್ಸರ್. ಆಪರೇಶನ್ ಆಗಿತ್ತು. ಮೊದಲು ಹಚ್ಚುವ ಕೆಂಪು ಬಣ್ಣದ ಔಷಧವನ್ನು, ಕೂದಲು ಹೋದರೂ, ಗಟ್ಟಿಯಾಗಿ ಸಹಿಸಿಕೊಂಡಿದ್ದಳು. ಸೋಲಾಪುರದ ಆಸ್ಪತ್ರೆಯಲ್ಲಿ, ಇನ್ನು ಮುಂದೆ ಪ್ಯಾಕ್ಲಿಟ್ಯಾಕ್ಸೆಲ್ ಕೊಡಬೇಕು ಎಂದರು. ತಂಗಿಗೆ ಸಾಕಾಗಿಹೋಗಿತ್ತು. ಡ್ಯೂಟಿಗೆ ಹೋಗಬೇಕು, ಬಸ್ಸು ಹತ್ತಬೇಕು ಎಂದು ಹಟ ಹಿಡಿದಳು. ಈ ಹೊಸದು ಬೇಡ ಎಂದಳು. ಒಪ್ಪಿಸಿದ್ದು ಅಕ್ಕ. ಇದನ್ನು ನಾನು ಕ್ಲಾಸಿನಲ್ಲಿ ಕಲಿಸುತ್ತೇನೆ, ಇದರ ಹುಟ್ಟು ನನಗೆ ಗೊತ್ತು, ಒಂದು ಮರದ ತೊಗಟೆಯಿಂದ ಬಂದದ್ದು ಎಂದು ಹೇಳಿದರಂತೆ. ಆ ಔಷಧ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಕರಗಿಸಲು ಔಡಲೆಣ್ಣೆಯಿಂದ ಮಾಡಿದ ಒಂದು ದ್ರವವನ್ನು ಬೆರೆಸಿರುತ್ತಾರೆ. ಎಣ್ಣೆಯನ್ನೂ ನೀರನ್ನೂ ಹಿಡಿಯುವ ಆ ಎರಡು ಕೈಯ ಜಾತಿ. ಅದು ಕೆಲವರ ಮೈಗೆ ಆಗುವುದಿಲ್ಲ. ಆಗದಿದ್ದರೆ ಮೊದಲ ಹನಿಗಳಲ್ಲೇ ಗೊತ್ತಾಗುತ್ತದೆ. ಅದಕ್ಕೆಂದೇ ಮುಂಚಿತವಾಗಿ ಬೇರೆ ಇಂಜೆಕ್ಷನ್ ಕೊಡುತ್ತಾರೆ. ಅಲ್ಲಿಯೂ ಕೊಟ್ಟಿದ್ದರು. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು.

"ಹಚ್ಚಿ ಜರಾ ಹೊತ್ತಾಗಿತ್ತು. ಅಕ್ಕಾ, ಎದಿ ಬಿಗಿ ಹಿಡದಂಗ ಆಗಾಕತ್ತದ ಅಂದ್ಲು. ನಾ ಆಕಿ ಕೈ ಹಿಡಕೊಂಡು, ಅಂಜಬ್ಯಾಡ, ಅಂಜಿಕಿಗಿ ಹಂಗ ಅನಸ್ತದ, ಉಸರು ಸಾವಕಾಶ ತಗೋ ಅಂದೆ. ಆಕಿ ನನ್ನ ಮಾತು ಕೇಳಿದ್ಲು. ಸಾವಕಾಶ ತಗೋಳಾಕ ನೋಡಿದ್ಲು."

ಆಮೇಲಿನದನ್ನು ಅವರು ಬಿಡಿಸಿ ಹೇಳಲಿಲ್ಲ. ಡಾಕ್ಟರರು ಓಡಿ ಬಂದದ್ದು, ಮಾಡಬೇಕಾದ್ದನ್ನೆಲ್ಲ ಮಾಡಿದ್ದು, ಆದರೂ ತಂಗಿ ಕೈಬಿಟ್ಟುಹೋದದ್ದು ಎಲ್ಲವನ್ನೂ ಒಂದೇ ಮಾತಿನಲ್ಲಿ ಮುಗಿಸಿದರು. ಹೊರಡುವಾಗ ಅಲ್ಲಿಯ ಹಿರಿಯ ಡಾಕ್ಟರರೊಬ್ಬರು ಇವರನ್ನು ಪಕ್ಕಕ್ಕೆ ಕರೆದು, ಇಂಥದ್ದು ಸಾವಿರದಲ್ಲಿ ಒಬ್ಬರಿಗೆ ಇಷ್ಟು ಜೋರಾಗಿ ಬರುತ್ತದೆ, ಒಂದು ಗಳಿಗೆ ಮೊದಲು ಗೊತ್ತಾಗಿದ್ದರೂ ಏನೂ ಮಾಡಲು ಆಗುತ್ತಿರಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರಂತೆ. ಆ ಒಂದು ಮಾತನ್ನು ಹಿಡಿದುಕೊಂಡೇ ಮೇಡಂ ಇಷ್ಟು ವರ್ಷ ನಿಂತಿದ್ದರು. ಅದನ್ನು ಹೇಳುವಾಗ ಡಾಕ್ಟರರ ದನಿಯನ್ನೇ ತಂದುಕೊಂಡು, ಶಬ್ದ ಶಬ್ದವನ್ನೂ ಹಾಗೇ ಹೇಳಿದರು.

ಅಂಜಬೇಡ ಎಂದು ತಾವು ಅಂದದ್ದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನಗೆ ಯಾಕೆ ಹೇಳುತ್ತಿದ್ದಾರೆಂದು ಕೇಳಿದೆ. "ನೀ ದಿನಾ ಅದನ್ನ ಬೆರಸ್ತಿ. ಯಾರರ ಎದಿ ಬಿಗಿ ಅಂದ್ರ, ಅಂಜಿಕಿ ಅಂತ ತಿಳೀಬ್ಯಾಡ," ಎಂದರು.

ವಾಪಸ್ ಬರುವಾಗಲೂ ನಿಂತೇ ಬಂದರು. ದೆವ್ವ, ಗಾಳಿ ಇವನ್ನೆಲ್ಲ ನಂಬುವ ಮನೆತನವಲ್ಲ ಅವರದು. ಅಂಥ ಮಾತೆತ್ತಿದ ವಿದ್ಯಾರ್ಥಿಗಳನ್ನು ಗದರಿಸುತ್ತಿದ್ದವರು. ಆದರೆ ಕಲಬುರಗಿ ಇನ್ನೇನು ಬಂತು ಎನ್ನುವಾಗ ನನ್ನ ಕಡೆ ಬಾಗಿ, ಈ ಬಸ್ಸಿನಲ್ಲಿ ಯಾವ ಕಂಡಕ್ಟರ್ ಇದ್ದರೂ ತಮಗೆ ಕೇಳುವುದು ಒಂದೇ ಗಂಟಲು ಎಂದರು. ಊರುಗಳ ಹೆಸರು ಕೂಗುವ ಗಂಟಲಲ್ಲ, ಸಾವಕಾಶ ಉಸಿರು ತೆಗೆದುಕೊಳ್ಳುವ ಗಂಟಲು.

ಕೆಲವು ವರ್ಷ ಕಳೆದವು. ನಾನು ಖೋಲಿಯಲ್ಲಿ ಔಷಧ ಬೆರೆಸುತ್ತಿದ್ದೆ, ಅವರು ಕಾಲೇಜಿನಲ್ಲಿ ಕಲಿಸುತ್ತಿದ್ದರು. ಆಗಾಗ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳಿ, ಆಮೇಲೆ ಇವತ್ತು ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳುತ್ತಿದ್ದರು. ಆಗದಿದ್ದ ದಿನ 'ಛಲೋ ಆತು' ಎಂದು ಇಟ್ಟುಬಿಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವರ ಫೋನ್ ಬರುವುದು ನಿಂತಿತು. ಮತ್ತೆ ಬಂದಾಗ, ಬೆಳಿಗ್ಗೆ ಕೋಟೆಯ ಒಳಗೆ ಸಿಗು ಎಂದರು.

ಕೋಟೆಯೊಳಗಿನ ಹಳೆಯ ಜಾಮಿಯಾ ಮಸೀದಿಯ ಕಮಾನುಗಳ ಹೊರಗೆ, ನೆರಳಿನ ಕಟ್ಟೆಯ ಮೇಲೆ ಕೂತಿದ್ದರು. ನಡೆಯಲು ಬಂದವರು ಇನ್ನೂ ಓಡಾಡುತ್ತಿದ್ದರು. ತಮಗೂ ಅದೇ ರೋಗ ಬಂದಿದೆ ಎಂದು ಸಹಜವಾಗಿ, ಬೇರೆ ಯಾರದೋ ಸುದ್ದಿಯಂತೆ ಹೇಳಿದರು. ಆಪರೇಶನ್ ಬೆಂಗಳೂರಿನಲ್ಲಿ ಆಗಿತ್ತು, ನಮಗ್ಯಾರಿಗೂ ಹೇಳಿರಲಿಲ್ಲ. ಮುಂದಿನ ಔಷಧ ನಮ್ಮ ಆಸ್ಪತ್ರೆಯಲ್ಲಿ. ಕೆಂಪು ಔಷಧವಾದ ಮೇಲೆ ಪ್ಯಾಕ್ಲಿಟ್ಯಾಕ್ಸೆಲ್.

ತಂಗಿಯ ವಿಷಯ ತಿಳಿದ ನಮ್ಮ ಡಾಕ್ಟರರು, ಅದೇ ಔಷಧವನ್ನು ಔಡಲೆಣ್ಣೆಯ ದ್ರವವಿಲ್ಲದೆ, ಪ್ರೋಟೀನಿನಲ್ಲಿ ಸುತ್ತಿ ಕೊಡುವ ಇನ್ನೊಂದು ಬಗೆಯಿದೆ, ಅದನ್ನೇ ತರಿಸೋಣ ಎಂದಿದ್ದರು. ಮೇಡಂ ಒಲ್ಲೆ ಎಂದಿದ್ದರು. ಇದು ರಕ್ತಸಂಬಂಧದಿಂದ ಬರುವ ದೋಷವಲ್ಲ, ತಂಗಿಗೆ ಆಯಿತೆಂದು ಅಕ್ಕನಿಗೂ ಆಗಬೇಕೆಂದಿಲ್ಲ, ವಾರ್ಡಿನ ಹೆಣ್ಣುಮಕ್ಕಳೆಲ್ಲ ಯಾವುದನ್ನು ತೆಗೆದುಕೊಳ್ಳುತ್ತಾರೋ ತಮಗೂ ಅದೇ ಸಾಕು ಎಂದು ಡಾಕ್ಟರರ ಜೊತೆ ವಾದಿಸಿ ಗೆದ್ದಿದ್ದರು. ವಿಜ್ಞಾನದ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವರ ಮುಖ ನೋಡಿದರೆ, ಅದು ವಿಜ್ಞಾನದ ಮಾತಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ತಂಗಿ ಒಬ್ಬಳೇ ಹೋದ ಆ ನಿಮಿಷಗಳೊಳಗೆ ಇವರು ಹೋಗಿ ನೋಡಬೇಕೆಂದಿದ್ದರು. ಹಾಗೆ ಅವರೇ ಹೇಳಲಿಲ್ಲ. ನಾನು ತಿಳಿದುಕೊಂಡೆ.

ನಾನು ಬೆರೆಸಿಕೊಡುವುದಿಲ್ಲ ಎಂದೆ. ಜೀವನದಲ್ಲಿ ಮೊದಲ ಸಲ ಅವರಿಗೆ ಎದುರು ಮಾತಾಡಿದ್ದು ಅದೇ. ಅವರು ಸಿಟ್ಟಾಗಲಿಲ್ಲ. ಬೇರೆ ಯಾರೋ ಬೆರೆಸುವುದಕ್ಕಿಂತ ನೀನೇ ಬೆರೆಸು, ಬಾಟಲಿಯನ್ನು ಝಾಡಿಸಬೇಡ, ನೊರೆ ಏಳುತ್ತದೆ, ಸಾವಕಾಶ ತಿರುವು ಎಂದು ಕ್ಲಾಸಿನಲ್ಲಿ ಹೇಳುವಂತೆಯೇ ಹೇಳಿದರು. ಕೊನೆಗೆ, ಹಚ್ಚಿದಾಗ ಬಂದು ಹತ್ತಿರ ನಿಲ್ಲುತ್ತೀಯಾ ಎಂದು ಕೇಳಿದರು. ಅದನ್ನು ಕೇಳುವಾಗ ಮಾತ್ರ ಅವರ ದನಿ ಬದಲಾಯಿತು. ಆಗಲಿ ಎಂದೆ.

ಆ ದಿನ ವಾರ್ಡಿನಲ್ಲಿ ಕಿಟಕಿಯ ಬದಿಯ ಕುರ್ಚಿಯಲ್ಲಿ ಅವರಿದ್ದರು. ಪಕ್ಕದ ಕುರ್ಚಿಯಲ್ಲಿ ಆಳಂದ ಕಡೆಯ ಒಬ್ಬ ಹೆಣ್ಣುಮಗಳು, ಕೂಲಿ ಮಾಡುವವಳು. ಅವಳಿಗೂ ಈ ಔಷಧ ಇದೇ ಮೊದಲು. ಗಂಡ ಚಹಾ ತರಲು ಕೆಳಗೆ ಹೋಗಿದ್ದ. ಇಬ್ಬರದನ್ನೂ ನಾನೇ ಬೆರೆಸಿದ್ದೆ. ಮುಂಚಿನ ಇಂಜೆಕ್ಷನ್‌ಗಳೆಲ್ಲ ಆಗಿದ್ದವು. ನರ್ಸ್ ಮೊದಲು ಮೇಡಂಗೆ, ಆಮೇಲೆ ಆ ಹೆಣ್ಣುಮಗಳಿಗೆ ಹಚ್ಚಿ, ಹನಿಗಳನ್ನು ಸಾವಕಾಶವಾಗಿ ಬಿಟ್ಟು, ಕೋಣೆಯ ಇನ್ನೊಂದು ತುದಿಗೆ ಹೋದಳು.

ನಾನು ಮೇಡಂ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ಕೆನ್ನೆ ಕೆಂಪೇರುತ್ತದೆಯೇ, ಉಸಿರು ಬದಲಾಗುತ್ತದೆಯೇ. ಏನೂ ಇಲ್ಲ. ಅವರು ಕಣ್ಣು ತೆರೆದುಕೊಂಡೇ ಒರಗಿದ್ದರು. ಯಾವುದೋ ದೂರದ ಸದ್ದಿಗೆ ಕಿವಿಗೊಟ್ಟವರ ಹಾಗಿದ್ದರು. ಏನನ್ನು ಕಾಯುತ್ತಿದ್ದರೋ ಅದು ಬರಲಿಲ್ಲವೆಂದು ಅವರಿಗೆ ನಿರಾಸೆಯಾಗುತ್ತಿದೆಯೇನೋ ಎಂದು ನನಗೆ ಒಂದು ಕ್ಷಣ ಅನಿಸಿತು.

ಆಗ ಪಕ್ಕದ ಹೆಣ್ಣುಮಗಳು, ಯಾರಿಗೂ ಅಲ್ಲದೆ, ಸಣ್ಣ ದನಿಯಲ್ಲಿ ಹೇಳಿದಳು.

"ಎದಿ ಯಾರೋ ಹಿಡಕೊಂಡಂಗ ಆಗಾಕತ್ತದ."

ಅಂಜಿಕೆ ಎಂಬ ಮಾತು ನನ್ನ ನಾಲಗೆಯ ತುದಿಗೂ ಬಂದಿತ್ತು. ಅದು ಹೊರಬೀಳುವ ಮೊದಲೇ ಮೇಡಂ ಎದ್ದಿದ್ದರು. ಸೂಜಿಯಿದ್ದ ಕೈಯನ್ನೂ ಮರೆತು ಎರಡೂ ಕೈ ಚಾಚಿ, ಆ ಹೆಣ್ಣುಮಗಳ ಪೈಪಿನ ಮೇಲಿನ ಸಣ್ಣ ಚಕ್ರವನ್ನು ಹೆಬ್ಬೆರಳಿನಿಂದ ತಿರುವಿ ಹನಿ ನಿಲ್ಲಿಸಿದರು. ಅವರ ಕೈಯ ಸೂಜಿ ಕಿತ್ತು ಬಂದು ಸೀರೆಯ ಮೇಲೆ ರಕ್ತ ಚಿಮ್ಮಿತು. ಬಂದ್ ಮಾಡಿದ್ದೇನೆ, ಎದೆ ಹಿಡಿದಿದೆಯಂತೆ, ಬೇಗ ಬರ್ರಿ ಎಂದು ನರ್ಸನ್ನು ಕರೆದರು. ಅಷ್ಟರಲ್ಲಿ ಆ ಹೆಣ್ಣುಮಗಳ ಮುಖ ಕೆಂಡದ ಹಾಗಾಗಿ, ಕಣ್ಣು ಮೇಲಾಗಿತ್ತು. ಡಾಕ್ಟರರು ಓಡಿ ಬಂದರು. ತೊಡೆಗೆ ಇಂಜೆಕ್ಷನ್, ಮೂಗಿಗೆ ಆಮ್ಲಜನಕ. ನಾವೆಲ್ಲ ಸುತ್ತ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಅವಳ ಉಸಿರು ಹತೋಟಿಗೆ ಬಂತು. ಮುಖದ ಬಣ್ಣ ಇಳಿಯಿತು. ನೀರು ಬೇಕೆಂದಳು.

ಮೇಡಂ ಅಲ್ಲೇ, ನೆಲದ ಮೇಲೆ ಕೂತು ಅವಳನ್ನು ನೋಡುತ್ತಿದ್ದರು. ನರ್ಸ್ ಅವರ ಇನ್ನೊಂದು ಕೈಗೆ ಸೂಜಿ ಹಾಕಿ, ಔಷಧವನ್ನು ಮತ್ತೆ ಶುರು ಮಾಡಿದಳು. ಸಂಜೆಯ ಹೊತ್ತಿಗೆ ಅದು ಪೂರ್ತಿ ಇಳಿಯಿತು, ಅವರಿಗೆ ಏನೂ ಆಗಲಿಲ್ಲ. ಆ ಹೆಣ್ಣುಮಗಳ ಗಂಡ ಬಂದು ಕಾಲು ಮುಟ್ಟಲು ಬಾಗಿದಾಗ ಕಾಲು ಹಿಂದೆಗೆದುಕೊಂಡರು. ನಾನು ಒಳಗೊಳಗೇ ಸಮಾಧಾನಪಟ್ಟೆ. ತಂಗಿಗೆ ಮಾಡಲಾಗದ್ದನ್ನು ಇವಳಿಗೆ ಮಾಡಿದರು, ಇನ್ನಾದರೂ ಇವರ ಎದೆಯ ಭಾರ ಇಳಿಯಬಹುದು ಎಂದುಕೊಂಡೆ.

ಕೆಳಗೆ ಆಟೋದಲ್ಲಿ ಕೂತ ಮೇಲೆ ಅವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

"ಎಷ್ಟು ಹಗುರ ಅದ ಆ ಚಕ್ರ. ಒಂದು ಬೆರಳು ಸಾಕು," ಎಂದರು.

ಅವರು ಏನು ಹೇಳುತ್ತಿದ್ದಾರೆಂದು ನನಗೆ ಆಗ ಅರ್ಥವಾಯಿತು. ಒಂದು ಗಳಿಗೆ ಮೊದಲು ಗೊತ್ತಾಗಿದ್ದರೂ ಏನೂ ಮಾಡಲು ಆಗುತ್ತಿರಲಿಲ್ಲ ಎಂಬ ಆ ಡಾಕ್ಟರರ ಮಾತು, ಅವರು ಇಷ್ಟು ವರ್ಷ ಹಿಡಿದುಕೊಂಡು ನಿಂತಿದ್ದ ಮಾತು, ಆ ದಿನ ಅವರ ಕಣ್ಣೆದುರೇ ಸುಳ್ಳಾಗಿತ್ತು. ಆ ಹೆಣ್ಣುಮಗಳು ಉಳಿದಿದ್ದಳು.

ಆಟೋ ಐವಾನ್-ಎ-ಶಾಹಿ ಅತಿಥಿಗೃಹದ ಕಡೆಯಿಂದ ಸುತ್ತಿಕೊಂಡು ಬಂತು. ಅವರು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು, ನೀನು ಹೋಗು ಎಂದು ಕೈ ಮಾಡಿದರು.

ಆಮೇಲೆ ಉಳಿದ ಚಿಕಿತ್ಸೆಯೆಲ್ಲ ಸಲೀಸಾಗಿ ಮುಗಿಯಿತು. ಕೂದಲು ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ. ಕಾಲೇಜಿಗೆ ಹೋಗತೊಡಗಿದರು. ಆದರೆ ಎಣ್ಣೆ, ನೀರಿನ ಆ ಪಾಠವನ್ನು ಮಾತ್ರ ಇನ್ನೊಬ್ಬರಿಗೆ ಒಪ್ಪಿಸಿದರು. ಆಳಂದದ ಹೆಣ್ಣುಮಗಳು ಬೇರೆ ಔಷಧದಿಂದ ಗುಣವಾಗಿ, ತಪಾಸಣೆಗೆ ಬಂದಾಗಲೆಲ್ಲ ಮೇಡಂ ಬಗ್ಗೆ ಕೇಳುತ್ತಿದ್ದಳು. ಒಮ್ಮೆ ಮನೆ ಹುಡುಕಿಕೊಂಡು ಹೋಗಿ, ಹೊಸ ತೊಗರಿ ಬೇಳೆ ಕೊಟ್ಟು ಬಂದಳಂತೆ. ಮೇಡಂ ಅವಳನ್ನು ಒಳಗೆ ಕರೆದು ಉಣ್ಣಲಿಕ್ಕಿದರಂತೆ. ಆದರೆ ತಾನು ಉಣ್ಣುವಷ್ಟು ಹೊತ್ತೂ ತನ್ನ ಮುಖವನ್ನು ಒಂದೇ ಸಮನೆ ನೋಡುತ್ತಿದ್ದುದರಿಂದ ತನಗೆ ತುತ್ತು ಇಳಿಯಲಿಲ್ಲ ಎಂದು ಅವಳೇ ನನಗೆ ಹೇಳಿದಳು. ಅವರು ಆಕೆಯೊಳಗೆ ಇನ್ಯಾರನ್ನೋ ನೋಡುತ್ತಿದ್ದರು. ಇವಳು ಬದುಕಿದ್ದೇ ಅವರಿಗೆ ಹಿಂಸೆಯಾಗಿತ್ತು, ಇವಳು ಬದುಕಿರಬೇಕೆಂದೂ ಇತ್ತು. ಎರಡೂ ನಿಜ.

ರೋಗ ಮರಳಿತು. ಈ ಸಲ ಎಲುಬಿಗೆ. ತಮ್ಮನ ಹೆಂಡತಿ ಕಮಲಾಪುರದಿಂದ ಬಂದು ಜೊತೆಗಿದ್ದಳು. ನಾನು ಡ್ಯೂಟಿ ಮುಗಿಸಿ ಹೋಗಿ ಬರುತ್ತಿದ್ದೆ. ಕೊನೆಯ ವಾರಗಳಲ್ಲಿ ಮಾತು ಕಡಿಮೆ. ತಾಯಿ ಒಮ್ಮೆ ಬಂದು, ಮಗಳ ನೆತ್ತಿಗೆ ಕೈಯಿಟ್ಟು ಕೂತು, ನಿನ್ನ ತಂಗಿಗೆ ನೀನು ಎಷ್ಟು ಮಾಡಿದೆ, ನಿನಗೆ ಮಾಡಲು ಅವಳಿಲ್ಲವಲ್ಲ ಎಂದು ಅತ್ತರು. ಮೇಡಂ ಗೋಡೆಯ ಕಡೆ ತಿರುಗಿಕೊಂಡರು. ತಾಯಿಗೆ ಆಗಲೂ ಅವರು ಹೇಳಲಿಲ್ಲ.

ನಾನು ಕಡೆಯ ಸಲ ಹೋದದ್ದು ಒಂದು ಮಧ್ಯಾಹ್ನ. ತಮ್ಮನ ಹೆಂಡತಿ ಕೆಳಗೆ ನೀರು ಹಿಡಿಯಲು ಹೋಗಿದ್ದಳು. ಫ್ಯಾನ್ ತಿರುಗುತ್ತಿತ್ತು. ಅವರು ನನ್ನ ಕೈ ಹುಡುಕಿ ಹಿಡಿದರು. ಹಿಡಿತದಲ್ಲಿ ಇನ್ನೂ ಬಲವಿತ್ತು.

"ಖರೇ ಹೇಳು. ಅವತ್ತು ಸೋಲಾಪುರದಾಗ ನಾ ಲಗೂನ ಬಂದ್ ಮಾಡಿದ್ರ, ಆಕಿ ಉಳೀತಿದ್ಲೇನು?"

ನಮ್ಮ ವಿದ್ಯೆಗೆ ಗೊತ್ತಿರುವುದು ಇಷ್ಟು: ಬೇಗ ನಿಲ್ಲಿಸಿದರೆ ಬಹಳ ಜನ ಉಳಿಯುತ್ತಾರೆ, ಕೆಲವರು ನಿಲ್ಲಿಸಿದರೂ ಉಳಿಯುವುದಿಲ್ಲ. ಯಾರ ಮೈ ಯಾವುದು ಎಂದು ಮೊದಲೂ ಹೇಳಲಾಗದು, ಆಮೇಲೂ ಹೇಳಲಾಗದು. ಇದಕ್ಕಿಂತ ಹೆಚ್ಚು ಯಾವ ಡಾಕ್ಟರರಿಗೂ ಗೊತ್ತಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಉಳೀತಿದ್ದಿಲ್ರಿ ಮೇಡಂ," ಎಂದೆ.

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು.

"ಇದನ್ನ ನಾ ನಿನಗ ಕಲಿಸಿಲ್ಲ," ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಕೈ ಬಿಡಲಿಲ್ಲ. ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೆಂದುಕೊಂಡು ನಾನು ಮೆಲ್ಲಗೆ ಕೈ ಬಿಡಿಸಿಕೊಳ್ಳಲು ನೋಡಿದೆ. ಆ ಹಿಡಿತ ಬಿಗಿಯಾಯಿತು.

"ಇನ್ನೊಮ್ಮೆ ಹೇಳು," ಎಂದರು.

ನಾನು ಇನ್ನೊಮ್ಮೆ ಹೇಳಿದೆ.